ಉಸಿರಿನ ಸರದಿ

ನಮ್ಮ ದೊಡ್ಡಮ್ಮನಿಗೆ ಬೀದಿಯವರೆಲ್ಲ ಇಟ್ಟ ಹೆಸರು ಗುಂಡುಸೂಜಿ. ಹೊಲಿಗೆ ಅಂಗಡಿಯಲ್ಲಿ ಇಡೀ ದಿನ ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದಳು. ಅವು ಬೀಳದಂತೆ ಗಿರಾಕಿಗಳನ್ನು ಬೈಯುವ ವಿದ್ಯೆಯೂ ಅವಳಿಗೆ ಕರಗತವಾಗಿತ್ತು. ಸೂಜಿ ತೆಗೆದಿಡುತ್ತಿದ್ದದ್ದು ಊಟಕ್ಕೆ ಮತ್ತು ಬುಧವಾರ ಸಂಜೆಯ ಹಾಡಿಗೆ ಮಾತ್ರ.

ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದಷ್ಟು ಜನ ಸೇರಿ ಹಾಡುತ್ತಿದ್ದರು. ದೊಡ್ಡಮ್ಮನ ಒಂಟಿ ಜೀವಕ್ಕೆ ಅದೊಂದೇ ಆಸರೆ. ಹಾಡಿನ ಆಸೆಗೆ ಅಲ್ಲಿಗೆ ನನ್ನ ಅಮ್ಮನೂ ಬಂದು ಸೇರಿದಳು. ಅಕ್ಕತಂಗಿಯರು ಮಾತು ಬಿಟ್ಟು ವರ್ಷಗಳಾಗಿದ್ದವು. ಅಜ್ಜಿ ತೀರಿಕೊಂಡ ದಿನ ದೊಡ್ಡಮ್ಮ ಯಾರದೋ ಮದುವೆಯ ಬಟ್ಟೆ ಮುಗಿಸಿ ತಡವಾಗಿ ಬಂದಿದ್ದಳು. "ಹೆತ್ತ ತಾಯಿಗಿಂತ ಬಟ್ಟೆನೇ ಹೆಚ್ಚಾಯ್ತಾ ನಿಂಗೆ?" ಎಂದು ಅಮ್ಮ ಹೆಣದ ಮುಂದೆಯೇ ಕೇಳಿಬಿಟ್ಟಿದ್ದಳು.

ಗುಂಪಿನಲ್ಲಿ ದಪ್ಪ ದನಿ ಇದ್ದದ್ದು ಇವರಿಬ್ಬರಿಗೇ. ಹಾಡಿನ ಮೇಷ್ಟ್ರು ಪಕ್ಕಪಕ್ಕ ನಿಲ್ಲಿಸಿದರು. ಹಾಡಿನ ಕೊನೆಗೆ ಇವರಿಬ್ಬರೇ ಹಿಡಿಯಬೇಕಾದ ಒಂದು ನೀಳ ಸ್ವರ. ಅದು ಕಡಿಯಬಾರದೆಂದರೆ ಒಬ್ಬರು ಉಸಿರೆಳೆಯುವಾಗ ಪಕ್ಕದವರು ಹಿಡಿದಿರಬೇಕು. ಇವರಿಗೋ, ಮೊದಲು ಉಸಿರೆಳೆದವಳು ಸೋತಂತೆ! ಇಬ್ಬರೂ ಮುಖ ಕೆಂಪಾಗುವವರೆಗೆ ಹಠ ಹಿಡಿದು, ಕೊನೆಗೆ ಒಟ್ಟಿಗೇ ಉಸಿರೆಳೆಯುತ್ತಿದ್ದರು. ಸ್ವರ ಪಟ್ಟನೆ ನಿಂತುಹೋಗುತ್ತಿತ್ತು.

"ಹಾಡೋಕೆ ಬಂದಿದ್ದೀರೋ, ಪಂದ್ಯ ಕಟ್ಟೋಕೋ?" ಮೇಷ್ಟ್ರಿಗೆ ರೇಗಿತು. "ನಾಡಿದ್ದು ಕಾರ್ಯಕ್ರಮದಲ್ಲಿ ಜನರ ಮುಂದೆ ಹೀಗೇ ಆದ್ರೆ, ಆಮೇಲೆ ನೀವಿಬ್ರೂ ಬರೋದು ಬೇಡ."

ದೊಡ್ಡಮ್ಮನ ಮುಖ ಸಪ್ಪಗಾಯಿತು. ಮೂಲೆಯಲ್ಲಿ ಕೂತು ನೋಡುತ್ತಿದ್ದ ನನಗೆ ಅಯ್ಯೋ ಅನ್ನಿಸಿತು. ಬುಧವಾರವೂ ಹೋದರೆ ಅವಳಿಗೆ ಉಳಿಯುವುದು ಆ ಸೂಜಿಗಳಷ್ಟೇ.

ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲೇ ಕೂತಿದ್ದೆ. ನೀಳ ಸ್ವರ ಬಂತು. ಇಬ್ಬರ ಕತ್ತಿನ ನರಗಳೂ ಉಬ್ಬಿದವು. ಮತ್ತದೇ ರಾಮಾಯಣ ಎಂದುಕೊಳ್ಳುವಷ್ಟರಲ್ಲಿ ದೊಡ್ಡಮ್ಮನ ಕೈ ಮೆಲ್ಲನೆ ಸರಿದು ಅಮ್ಮನ ಮಣಿಕಟ್ಟನ್ನು ಒತ್ತಿತು. ಅಮ್ಮ ಬೆಚ್ಚಿ ಅವಳ ಕಡೆ ನೋಡಿದಳು, ಉಸಿರೆಳೆದುಕೊಂಡಳು. ದೊಡ್ಡಮ್ಮ ಹಿಡಿದೇ ಇದ್ದಳು. ಸ್ವಲ್ಪ ಹೊತ್ತಿಗೆ ಅಮ್ಮ ತಿರುಗಿ ಒತ್ತಿದಳು. ಸ್ವರ ಕಡಿಯಲಿಲ್ಲ.

ಮುಗಿದ ಮೇಲೆ ಮೆಟ್ಟಿಲಲ್ಲಿ ಅಮ್ಮನೇ ಮಾತಾಡಿದಳು. "ಅವತ್ತು ಅಮ್ಮನ ಕೈ ಒತ್ತುತ್ತಾನೇ ಇದ್ದೆ ಕಣೆ, ಅಕ್ಕ ಬರೋವರೆಗಾದ್ರೂ ಉಸಿರು ಹಿಡ್ಕೊಂಡಿರಮ್ಮ ಅಂತ. ಅವಳ ಕೈಲಿ ಆಗ್ಲಿಲ್ಲ. ಆ ಸಂಕಟಾನೆಲ್ಲ ನಿನ್ ಮೇಲೆ ಹಾಕ್ಬಿಟ್ಟೆ."

ಬಾಯಲ್ಲಿ ಸೂಜಿ ಇರಲಿಲ್ಲ. ಆದರೂ ದೊಡ್ಡಮ್ಮ ಅಭ್ಯಾಸಬಲದಿಂದ ತುಟಿಯ ಬಳಿ ಬೆರಳಾಡಿಸಿದಳು. ಕಣ್ಣೊರೆಸಿಕೊಂಡು ಅಮ್ಮನ ರವಿಕೆಯ ತೋಳು ಹಿಡಿದು ಜಗ್ಗಿ ನೋಡಿದಳು.

"ಯಾವ ಪುಣ್ಯಾತ್ಮ ಹೊಲಿದಿದ್ದೇ ಇದನ್ನ? ನಾಳೆ ಅಂಗಡಿಗೆ ತಗೊಂಡ್ ಬಾ."