ಬೆಚ್ಚಗಿದ್ದ ಚೀಲ

ಕಳೆದ ವಾರ ಜಯಲಕ್ಷ್ಮಿಪುರಂನ ನಮ್ಮ ಮನೆಯ ಬಾಗಿಲಿಗೆ ಪಾಲಿಶ್ ಹಾಕಲು ಬಂದವನು ಅಗಸೆ ಎಣ್ಣೆಯ ಡಬ್ಬ ತೆರೆದ. ವಾಸನೆ ಮೂಗಿಗೆ ಬಡಿಯಿತು ನೋಡಿ, ಕಾಫಿ ಲೋಟ ಕೆಳಗಿಟ್ಟೆ. ಮಂಡಿ ಮೊಹಲ್ಲಾದಲ್ಲಿ ನಮ್ಮ ಮನೆಯ ಎದುರಿಗಿದ್ದ ಅಂಗಡಿಯ ವಾಸನೆ ಅದು... ರೇನ್‌ಕೋಟ್ ಮಾವನ ವಾಸನೆ.

ಮಾವ ಎಂದರೆ ನೆಂಟರೇನಲ್ಲ, ಇಡೀ ಬೀದಿಗೇ ಮಾವ. ದಪ್ಪ ಹತ್ತಿ ಬಟ್ಟೆಗೆ ಅಗಸೆ ಎಣ್ಣೆ, ಮೇಣ ಕಾಯಿಸಿ ತಿಕ್ಕಿ ಮಳೆಕೋಟು ಹೊಲಿಯುತ್ತಿದ್ದರು. ಜನ ಪ್ಲಾಸ್ಟಿಕ್ ಕೋಟಿನ ಹಿಂದೆ ಬಿದ್ದರೂ ಇವರದು ಒಂದೇ ಹಠ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಆ ಬಟ್ಟೆಯ ಪುರಾಣ ಹೇಳುತ್ತಿತ್ತು: ಹಡಗಿನವರು ಹಳೆಯ ಹಾಯಿಬಟ್ಟೆಗೆ ಎಣ್ಣೆ ಬಳಿದು ಹೊದ್ದದ್ದು, ಆಮೇಲೆ ಮೇಣ ಬಂದದ್ದು, ಯುದ್ಧಕಾಲದಲ್ಲಿ ಸಮುದ್ರಕ್ಕೆ ಬೀಳುವ ವಿಮಾನದವರಿಗಾಗಿ ಎಣ್ಣೆಯೇ ಬೇಡದ ಬಿಗಿ ನೇಯ್ಗೆ ಕಂಡುಹಿಡಿದದ್ದು. ನೆಂದರೆ ನೂಲೇ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದಂತೆ. "ಆ ಬಟ್ಟೆ ಒಂದ್ಸಲ ಸಿಕ್ಬುಟ್ರೆ ಸಾಕು ಕಣಮ್ಮ, ಈ ಎಣ್ಣೆ ಸಹವಾಸ ಬುಟ್ಬುಡ್ತೀನಿ" ಎನ್ನುತ್ತಿದ್ದರು. ಸಿಗಲಿಲ್ಲ.

ಎಣ್ಣೆ ತಿಕ್ಕಿದ ಚಿಂದಿಗಳನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಾವೇ ಒಂದೊಂದನ್ನು ಬಿಡಿಸಿ ಹೊರಗಿನ ತಂತಿಗೆ ಹಾಕುವರು. ಗುಡ್ಡೆ ಹಾಕಿದರೆ ತಾವಾಗಿಯೇ ಕಾದು ಹೊತ್ತಿಕೊಳ್ಳುತ್ತವಂತೆ! ಬೀದಿಯೆಲ್ಲ ನಗುತ್ತಿತ್ತು. ಬೆಂಕಿಕಡ್ಡಿ ಗೀರದೆ ಬೆಂಕಿ ಎಲ್ಲಿಂದ ಬರಬೇಕು?

ನಾನಿನ್ನೂ ಚಿಕ್ಕವಳಿದ್ದಾಗಿನ ಒಂದು ಆಯುಧಪೂಜೆ. ಮಾವ ಬೂದುಗುಂಬಳ, ಬಾಳೆಕಂದು ತರಲು ಹೋಗಿದ್ದರು. ಅವರ ಹೆಂಡತಿ, ನಮ್ಮೆಲ್ಲರ ಅತ್ತೆ, ಅಂಗಡಿ ತೊಳೆದು, ಹಿಂದಿನ ಸಂಜೆಯ ಹಸಿ ಚಿಂದಿಗಳನ್ನು ತಂತಿಯಿಂದ ಬಾಚಿ ಚೀಲಕ್ಕೆ ತುರುಕಿ, ಬಾಯಿ ಕಟ್ಟಿ ಒಳಮೂಲೆಗಿಟ್ಟರು. ಹಬ್ಬದ ದಿನ ಆ ಕೊಳಕು ಕಾಣಬಾರದಲ್ಲ. ಪೂಜೆಯಾಯಿತು. ಹೊಲಿಗೆ ಯಂತ್ರಕ್ಕೆ ಕುಂಕುಮ, ಸಾಲು ಕೋಟುಗಳಿಗೆ ಹೂವು. ಮಾವ ಬೀದಿಯಲ್ಲಿ ಬೂದುಗುಂಬಳ ಒಡೆಯುತ್ತಿದ್ದಾಗ ನಾನು ಆ ಚೀಲಕ್ಕೆ ಒರಗಿದೆ.

"ಅತ್ತೆ, ಇದು ಬೆಚ್ಚಗಿದೆ."

"ದೀಪದ ಕಾವು ಕಣಮ್ಮ, ಅಂಗೇ ಇರ್ತದೆ."

ದೀಪ ಇದ್ದದ್ದು ಆಚೆ ಗೋಡೆಗೆ...

ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ, ಷಟರ್ ಎಳೆದಾಯಿತು. ಪಕ್ಕದಲ್ಲೇ ಅವರ ಮನೆ. ನನ್ನನ್ನೂ ಊಟಕ್ಕೆ ಉಳಿಸಿಕೊಂಡರು. ಹೊರಗೆ ಮಳೆ ಹಿಡಿಯಿತು. ಹೋಳಿಗೆ ಮುರಿಯುತ್ತಿದ್ದ ಮಾವ ಕಿಟಕಿಯಾಚೆ ನೋಡಿದರು. ತಂತಿ ಖಾಲಿ.

"ಚಿಂದಿ ಎಲ್ಲೇ?"

"ಚೀಲಕ್ಕೆ ತುಂಬಿ ಒಳಗಿಟ್ಟೆ ಕಣ್ರೀ."

ಎಲೆ ಬಿಟ್ಟು ಎದ್ದರು. ಮಳೆಯೆಂದರೆ ಕೋಟು, ಅದು ಅವರ ಅಭ್ಯಾಸ. ಗೂಟದಲ್ಲಿದ್ದ ತಮ್ಮ ಎಣ್ಣೆ ಕೋಟು ತೊಟ್ಟುಕೊಂಡೇ ಓಡಿ ಷಟರ್ ಎತ್ತಿದರು. ಒಳಗೆ ಹೊಗೆಯಾಡುತ್ತಿದ್ದದ್ದು ಗಾಳಿ ಸಿಕ್ಕಿದ್ದೇ ಧಗ್ಗೆಂದು ಹೊರಕ್ಕೆ ಚಾಚಿತು, ಮೈಮೇಲಿನ ಕೋಟನ್ನೂ ಹಿಡಿಯಿತು. ಸುರಿಯುವ ಮಳೆಯಲ್ಲೇ ಉರಿದುಹೋದರು. ಅಯ್ಯೋ, ಬರಿಮೈಯಲ್ಲಾದರೂ ಓಡಿದ್ದರೆ... ಅತ್ತೆ ಬದುಕಿದ್ದಷ್ಟು ಕಾಲ ಮನೆಯಲ್ಲಿ ಅಕ್ಕಿ ಚೀಲದ ಬಾಯಿಯನ್ನೂ ಕಟ್ಟಲಿಲ್ಲ.

ಪಾಲಿಶಿನವನು ಚಿಂದಿಗಳನ್ನು ಮೆಟ್ಟಿಲ ಮೂಲೆಗೆ ಎಸೆಯುತ್ತಿದ್ದ. ಬೈದೆ. "ಮುಗಿದ್ಮೇಲೆ ತಗೊಂಡೋಗ್ತೀನಿ ಬುಡಿ ಮೇಡಂ" ಎಂದ. ನಾನೇ ಕೂತು ಒಂದೊಂದನ್ನು ಬಿಡಿಸಿ ತಂತಿಗೆ ಹಾಕಿದೆ. ಮಾವ ಇದ್ದಿದ್ದರೆ ನನ್ನನ್ನು ಹೊಗಳುತ್ತಿದ್ದರೇನೋ. ಗುಡ್ಡೆಯ ಅಡಿಯಲ್ಲಿದ್ದ ಚಿಂದಿ ಆಗಲೇ ಬೆಚ್ಚಗಾಗಿತ್ತು.