ಗಿಲ್ಬರ್ಟ್ ಮೆನ್ನಿಯ ಮೂರನೆಯ ಕೂಗು

ಸ್ಕಾಟ್ಲೆಂಡಿನ ಉತ್ತರದ ಅಚಿನ್‌ಬ್ರೇ ಊರಿನಲ್ಲಿ ಗಿಲ್ಬರ್ಟ್ ಮೆನ್ನಿ ಮೂವತ್ತೊಂದು ವರ್ಷ ಚರ್ಚಿನ ಸೇವಕನಾಗಿದ್ದ. ಗಂಟೆ ಹೊಡೆಯುವುದು, ಸತ್ತವರಿಗೆ ಗುಂಡಿ ತೋಡುವುದು, ಭಾನುವಾರ ಪಾದ್ರಿಗಿಂತ ಮುಂದೆ ನಡೆದು ಬೈಬಲನ್ನು ಪೀಠದ ಮೇಲಿಡುವುದು, ಇಷ್ಟು ಅವನ ಕೆಲಸ. ಅದಕ್ಕೆಂದು ಚರ್ಚಿನ ಗೋಡೆಗಂಟಿದ ಎರಡು ಕೋಣೆಯ ಮನೆ ಕೊಟ್ಟಿದ್ದರು. ಒಳಗೆ ಎರಡು ವರ್ಷದಿಂದ ಹಾಸಿಗೆ ಹಿಡಿದ ಹೆಂಡತಿ ಎಲ್ಸ್‌ಪೆತ್. ಕೆಲಸ ಹೋದರೆ ಮನೆಯೂ ಹೋದಂತೆಯೇ.

1842ರಲ್ಲಿ ಹಳೆಯ ಪಾದ್ರಿ ತೀರಿಕೊಂಡರು. ಅವರ ಜಾಗಕ್ಕೆ ಲೋರಿಮರ್ ಎಂಬ ಪಾದ್ರಿಯನ್ನು ಊರಿನ ಜಮೀನ್ದಾರ ಹೆಸರಿಸಿದ. ಇವರು ಬೇಕು ಎಂದು ಊರಿನಲ್ಲಿ ರುಜು ಹಾಕಿದವರು ಇಬ್ಬರೇ: ಜಮೀನ್ದಾರನ ಕಾರಭಾರಿ, ಮತ್ತು ಆ ಕಾರಭಾರಿಯ ಭಾವಮೈದುನ. ಚರ್ಚಿನ ಭಕ್ತರ ಸಭೆಗೆ ಕ್ರಿಸ್ತನೊಬ್ಬನೇ ಒಡೆಯ, ಪಾದ್ರಿಯನ್ನು ಕರೆಯಬೇಕಾದವರು ನಾವು ಎಂದರು ಊರವರು. ಹೆಸರಿಸುವ ಹಕ್ಕು ಜಮೀನ್ದಾರನ ಆಸ್ತಿ, ಅವರನ್ನೇ ಕೂರಿಸಿ ಎಂದಿತು ಸರ್ಕಾರದ ಕೋರ್ಟು.

ಕೂರಿಸುವ ದಿನ ಸೇವಕ ಬಾಗಿಲಲ್ಲಿ ನಿಂತು ಮೂರು ಸಲ ಕೂಗಬೇಕು: ಇವರ ನಡತೆಯಲ್ಲೋ ಬೋಧನೆಯಲ್ಲೋ ದೋಷ ಕಂಡವರು ಮುಂದೆ ಬನ್ನಿ ಎಂದು. ‘ನಮಗೆ ಬೇಡ’ ಎನ್ನುವುದು ಕಾನೂನಿನ ಕಣ್ಣಿಗೆ ದೋಷವಲ್ಲ.

ಆ ಬೆಳಗ್ಗೆ ಎಲ್ಸ್‌ಪೆತ್ ಗಂಜಿ ಕುಡಿಯುತ್ತ ಕೇಳಿದಳು, “ಯಾಕೆ ಮುಖ ಗಂಟಾಕ್ಕೊಂಡಿದೀಯ?”

“ಕೂಗೋನು ನಾನೇ ತಾನೆ? ಎದುರು ಮಾತಾಡಿದ್ರೆ ನಿನ್ನನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲೇ?”

“ಮೂವತ್ತೊಂದು ವರ್ಷ ಸತ್ತೋರಿಗೆಲ್ಲ ಜಾಗ ಮಾಡ್ಕೊಟ್ಟಿದೀಯ. ಬದುಕಿರೋ ಒಬ್ಬಳಿಗೆ ಸಿಗಲ್ವಾ? ಹೋಗು, ಗಂಟಲು ಬಿಚ್ಚಿ ಕೂಗು.”

ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದೆ ಮೇಜಿನ ಬಳಿ ಲೋರಿಮರ್, ಪಕ್ಕದಲ್ಲಿ ದಾಖಲೆ ಬರೆದುಕೊಳ್ಳುವ ಗುಮಾಸ್ತ ಕೂತಿದ್ದರು. ಗಿಲ್ಬರ್ಟ್ ಮೊದಲನೆಯ ಸಲ ಕೂಗಿದ.

“ಮೂಗು ಉದ್ದ ಇದೆ ಅಂದ್ರೆ ನಡೀತದಾ ಸ್ವಾಮಿ?” ಎಂದ ನೇಕಾರ ಡಫಸ್. ಜನ ನಕ್ಕರು. ಗುಮಾಸ್ತ ಗುರಾಯಿಸಿದ.

ಎರಡನೆಯ ಸಲ ಯಾರೂ ನಗಲಿಲ್ಲ. ಮೂರನೆಯ ಸಲ ಕೂಗಿ ಗಿಲ್ಬರ್ಟ್ ತಾನೇ ಟೊಪ್ಪಿಗೆ ತೆಗೆದು ಮೇಜಿನ ಮುಂದೆ ಬಂದು ನಿಂತ.

“ಏನಯ್ಯಾ ಇದು?” ಎಂದ ಗುಮಾಸ್ತ. “ಕರೆಯೋನೂ ನೀನೇ, ಬರೋನೂ ನೀನೇನಾ?”

“ಕರೆದೋನು ಸೇವಕ ಸ್ವಾಮಿ. ಬಂದಿರೋನು ಈ ಸಭೆಯೋನು.”

“ಇವರ ನಡತೆಯಲ್ಲಿ ಏನು ದೋಷ?”

“ಏನಿಲ್ಲ. ಒಳ್ಳೆಯೋರೇ ಇರ್ಬೋದು.”

“ಬೋಧನೆಯಲ್ಲಿ?”

“ಇನ್ನೂ ಕೇಳಿಲ್ಲ.”

“ಮತ್ತೇನು ನಿಂದು?”

“ನಾವು ಇವರನ್ನ ಕರೀಲಿಲ್ಲ.”

“ಅದನ್ನ ಬರ್ಕೊಳ್ಳೋಕೆ ಕಾನೂನಿಲ್ಲ.”

“ಹಾಗಾದ್ರೆ ಚರ್ಚಿನ ಬೀಗದ ಕೈ ವಾಪಸ್ ಬಂತು ಅಂತ ಬರ್ಕೊಳ್ಳಿ,” ಎಂದು ಗಿಲ್ಬರ್ಟ್ ಅದನ್ನು ಮೇಜಿನ ಮೇಲಿಟ್ಟ. ಲೋರಿಮರ್ ತಲೆಯೆತ್ತಲಿಲ್ಲ, ಪಾಪ, ಅವರಿಗೂ ಅದು ಸುಖದ ಗಳಿಗೆಯಲ್ಲ. ಹಿಂದೆ ಬೆಂಚುಗಳು ಕಿರುಗುಟ್ಟಿದವು. ಜನ ತಮ್ಮ ತಮ್ಮ ಬೈಬಲ್ ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಗಿನ ಹಿಮಕ್ಕಿಳಿದರು.

ವಾರ ತುಂಬುವುದರೊಳಗೆ ಮನೆ ಬಿಡಿ ಎಂಬ ಕಾಗದ ಬಂತು. ಡಫಸ್ ಮತ್ತು ಇನ್ನು ಮೂವರು ಎಲ್ಸ್‌ಪೆತ್‌ಳನ್ನು ಹಾಸಿಗೆ ಸಮೇತ ಹೊತ್ತು ಡಫಸ್‌ನ ಮಗ್ಗದ ಕೋಣೆಗೆ ತಂದರು. “ಜಮೀನ್ದಾರನ ಹೆಂಡ್ತೀನೂ ಹಿಂಗೆ ನಾಲ್ಕಾಳಿನ ಮೇಲೆ ಹೋಗಿರಲ್ಲ,” ಎಂದಳು ಅವಳು.

ಚರ್ಚು ಬಿಟ್ಟು ಬಂದವರಿಗೆ ಭಾನುವಾರ ಕುರಿದೊಡ್ಡಿಯಲ್ಲಿ ಆರಾಧನೆ. ಪಕ್ಕದೂರಿನ ಪಾದ್ರಿ ಬಂದಿದ್ದರು. ಗಿಲ್ಬರ್ಟ್ ಅಭ್ಯಾಸಬಲದಿಂದ ಬೈಬಲ್ ಹಿಡಿದು ಮುಂದೆ ನಡೆದ. ಪೀಠವಿಲ್ಲವೆಂದು ಆಮೇಲೆ ನೆನಪಾಯಿತು. ಒಂದು ಕಲ್ಲಿನ ಮೇಲಿನ ಹಿಮವನ್ನು ತೋಳಿನಿಂದ ಒರೆಸಿ ಅಲ್ಲಿಟ್ಟ.

ಮರಳಿ ಬಂದಾಗ ಎಲ್ಸ್‌ಪೆತ್ ಕೇಳಿದಳು, “ಗಂಟೆ ಹೊಡೀದೆ ಜನಕ್ಕೆ ಹೆಂಗೆ ಗೊತ್ತಾಯ್ತು?”

“ನಾನು ಹೋಗೋ ಹೊತ್ತಿಗೇ ಬಂದಿದ್ರು ಕಣೇ,” ಎಂದ ಗಿಲ್ಬರ್ಟ್, ಒದ್ದೆಯಾದ ತೋಳನ್ನು ಒಲೆಗೆ ಹಿಡಿಯುತ್ತ.