ಅರಸನ ಅ, ಅಸೀನ ಅ

2023ರ ಜನವರಿ. ನಾನಾಗ ಶಿಕ್ಷಣ ಸಂಯೋಜಕಿ. ತಾಲ್ಲೂಕಿನ ಬಿಇಒ ಕಚೇರಿಗೂ ಹಳ್ಳಿಯ ಶಾಲೆಗಳಿಗೂ ನಡುವೆ ಓಡಾಡುವ ಹುದ್ದೆ ಅದು. ಶಾಲೆಗೆ ಹೋಗಿ ಮಕ್ಕಳ ಕಲಿಕೆ ನೋಡಬೇಕು, ಎ, ಬಿ, ಸಿ, ಡಿ ಎಂದು ಶ್ರೇಣಿ ಕೊಡಬೇಕು, ವರದಿ ಬರೆಯಬೇಕು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಹುಣಸೂರಿನಲ್ಲಿ ಮನೆ, ಪಿರಿಯಾಪಟ್ಟಣದ ಕಡೆಯ ಶಾಲೆಗಳು ನನ್ನ ಪಾಲಿಗೆ. ಬೆಳಗಿನ ಬಸ್ಸಿನಲ್ಲಿ ಹೊಗೆಸೊಪ್ಪಿನ ಹರಾಜಿಗೆ ಹೊರಟವರ ಪಕ್ಕ ಕೂತು, ಇಳಿಯುವ ಹೊತ್ತಿಗೆ ನನ್ನ ಸೀರೆಯೂ ಸೊಪ್ಪಿನ ವಾಸನೆ ಹೊಡೆಯುತ್ತಿತ್ತು.

ನನ್ನ ಸ್ವಭಾವವನ್ನೂ ಮೊದಲೇ ಹೇಳಿಬಿಡುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ಉಚ್ಚಾರ ಕೆಟ್ಟರೆ ಮುಗಿಯಿತು. ನಾನು ಮೈಸೂರು ನಗರದಲ್ಲಿ ಬೆಳೆದವಳು, ಅಪ್ಪ ಕನ್ನಡ ಪಂಡಿತರು. ಮನೆಯಲ್ಲಿ ಹಕಾರ ನುಂಗಿದರೆ ಊಟ ನುಂಗುವ ಹಾಗಿರಲಿಲ್ಲ. ಶಿಕ್ಷಕರು ನನ್ನ ಬೆನ್ನ ಹಿಂದೆ 'ಹಕಾರದ ಮೇಡಂ' ಎನ್ನುತ್ತಾರೆಂದು ಗೊತ್ತಿತ್ತು. ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ, ನೋಡಿ!

ಆ ತಿಂಗಳು ರಾವಂದೂರು ಹೋಬಳಿಯ ಒಂದು ಕೊಪ್ಪಲಿನ ಕಿರಿಯ ಪ್ರಾಥಮಿಕ ಶಾಲೆಗೆ ಹೋದೆ. ಊರಿನ ಹೆಸರು ಬೇಡ. ಒಂದರಿಂದ ಐದನೇ ತರಗತಿ, ಮೂವತ್ತೊಂದು ಮಕ್ಕಳು, ಇಬ್ಬರು ಶಿಕ್ಷಕರು. ಮುಖ್ಯ ಶಿಕ್ಷಕರು ಪುಟ್ಟಸ್ವಾಮಿ, ಅದೇ ಸೀಮೆಯವರು. ಮಾತು ಕಡಿಮೆ. ಅಧಿಕಾರಿಗಳನ್ನು ಕಂಡರೆ ಬಿಳಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನಿಲ್ಲುವಂಥ ಮನುಷ್ಯ.

ಆ ಶಾಲೆಗೊಂದು ಗಂಡಾಂತರ ಬಂದಿತ್ತು. ಪಕ್ಕದ ಊರಿನ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ಆ ವರ್ಷದಿಂದ ಕೊಪ್ಪಲಿನ ಅರಳಿಕಟ್ಟೆಯವರೆಗೂ ಬರತೊಡಗಿತ್ತು. ಹನ್ನೆರಡು ಮಕ್ಕಳ ತಂದೆತಾಯಂದಿರು ಜೂನ್‌ಗೆ ಮಕ್ಕಳನ್ನು ಬಿಡಿಸುವ ಮಾತಾಡುತ್ತಿದ್ದರು. ಹನ್ನೆರಡು ಜನ ಹೋದರೆ ಉಳಿಯುವುದು ಹತ್ತೊಂಬತ್ತು. ಅಷ್ಟಕ್ಕಿಳಿದರೆ ಇಬ್ಬರು ಶಿಕ್ಷಕರಲ್ಲಿ ಒಬ್ಬರನ್ನು 'ಹೆಚ್ಚುವರಿ' ಎಂದು ಬೇರೆಡೆ ಕಳಿಸುತ್ತಾರೆ. ಆಮೇಲೆ ಐದು ತರಗತಿಗೆ ಒಬ್ಬರೇ ಮೇಷ್ಟ್ರು. ಅವರು ಮೀಟಿಂಗಿಗೆ ಹೋದ ದಿನ ಶಾಲೆಗೆ ಬೀಗ. ಅಂಥ ಶಾಲೆಗಳ ಕೊನೆ ಏನೆಂದು ನಾನು ಬೇಕಾದಷ್ಟು ಕಂಡಿದ್ದೆ. ಪೋಷಕರು ಒಂದು ಮಾತು ಒಪ್ಪಿದ್ದರು: ತಾಲ್ಲೂಕಿನಿಂದ ಬಂದವರು ಮಕ್ಕಳನ್ನು ಪರೀಕ್ಷೆ ಮಾಡಿ ಏನು ಹೇಳುತ್ತಾರೋ ಕೇಳಿ ಆಮೇಲೆ ನಿರ್ಧಾರ ಮಾಡುವುದು. ತಾಲ್ಲೂಕಿನಿಂದ ಬಂದವರು ಎಂದರೆ ನಾನು.

ಮೂರರಿಂದ ಐದನೇ ತರಗತಿಯ ಹದಿನೇಳು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕೂರಿಸಿಕೊಂಡೆ. ಓದಿನ ಪರೀಕ್ಷೆಗೆ ನಾಲ್ಕು ಮೆಟ್ಟಿಲು: ಅಕ್ಷರ, ಪದ, ವಾಕ್ಯ, ಕಥೆ. ಐದು ಪದಗಳಲ್ಲಿ ನಾಲ್ಕನ್ನಾದರೂ ಸರಿಯಾಗಿ ಓದಿದರೆ ಮಗು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ನನ್ನ ಕೈಯಲ್ಲಿದ್ದ ಪದದ ಕಾರ್ಡುಗಳಲ್ಲಿ ಹಕ್ಕಿ, ಹಣ್ಣು, ಹಾಲು ಇದ್ದವು. ಮಕ್ಕಳು ಸಲೀಸಾಗಿ ಓದಿದರು. ಅಕ್ಕಿ, ಅಣ್ಣು, ಆಲು. ನಾನೂ ಅಷ್ಟೇ ಸಲೀಸಾಗಿ ತಪ್ಪು ಗುರುತು ಹಾಕುತ್ತಾ ಹೋದೆ. ಹದಿನೇಳರಲ್ಲಿ ನಾಲ್ಕೇ ಮಕ್ಕಳು ವಾಕ್ಯದ ಮೆಟ್ಟಿಲು ಹತ್ತಿದರು. ಉಳಿದವರನ್ನು ನಾನು ಪದದಲ್ಲೇ ತಡೆದು ನಿಲ್ಲಿಸಿದ್ದೆ.

"ಇದೇನ್ರೀ ಮೇಷ್ಟ್ರೇ?" ಎಂದೆ.

ಪುಟ್ಟಸ್ವಾಮಿಯವರು ಗುಂಡಿ ಮುಟ್ಟಿಕೊಂಡರು. "ಮಕ್ಕಳಿಗೆ ತಿಳ್ದದೆ ಮೇಡಂ. ನಾಲ್ಗೆ ಮಾತ್ರ ನಮ್ಮೂರ್ದು."

"ತಿಳಿದಿದ್ದರೆ ಬಾಯಿಗೆ ಬರಬೇಕಲ್ಲ?"

ಅವರನ್ನು ಮುಂದೆ ಮಾತಾಡಲು ಬಿಡುವ ಧ್ವನಿ ನನ್ನದಾಗಿರಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಶ್ರೇಣಿ ಸಿ ಎಂದು ಬರೆದು, ಕೆಳಗೆ 'ಮಕ್ಕಳು ಸರಳ ಪದಗಳನ್ನೂ ತಪ್ಪಾಗಿ ಓದುತ್ತಾರೆ' ಎಂದು ಷರಾ ಸೇರಿಸಿ ಕಚೇರಿಗೆ ಕೊಟ್ಟೆ.

ಫೆಬ್ರವರಿಯಲ್ಲಿ ಪೋಷಕರ ಸಭೆ. ವರದಿಯನ್ನು ನಾನೇ ಓದಿ ಹೇಳಬೇಕಿತ್ತು. ಬಾಗಿಲಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ದಾಸವಾಳ ಕೊಟ್ಟು, ಕಂಠಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು: "ಹಧಿಕಾರಿಗಳಾದ ತಮಗೆ ಹೆಲ್ಲರ ಪರವಾಗಿ ಹಾದರದ ಸ್ವಾಗತ."

ನಾನು ಬೆಚ್ಚಿಬಿದ್ದೆ. ಪುಟ್ಟಸ್ವಾಮಿಯವರು ಗೋಡೆ ಕಡೆ ತಿರುಗಿದರು. ಅವರ ಕಿವಿ ಕೆಂಪಗಾಗಿತ್ತು. ಹಕಾರದ ಮೇಡಂ ಬರುತ್ತಾರೆ, ಹ ಬಿಟ್ಟರೆ ಬೈಯುತ್ತಾರೆ ಎಂಬ ಸುದ್ದಿ ಮಕ್ಕಳಿಗೆ ಮುಟ್ಟಿತ್ತು. ಪಾಪ, ಅವು ಸಿಕ್ಕಿದ ಕಡೆಗೆಲ್ಲ ಹ ಸೇರಿಸಿದ್ದವು. ಒಳಗೆ ನಗು ಉಕ್ಕುತ್ತಿದ್ದರೂ ನಾನು ಬಿಗುಮಾನದಿಂದ ಹೋಗಿ ಕುರ್ಚಿಯಲ್ಲಿ ಕುಳಿತೆ.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆ ಜಯಮ್ಮ. ಮೂರನೇ ತರಗತಿಯ ಸಿಂಚನಾಳ ತಾಯಿ. ಮಗಳನ್ನು ವ್ಯಾನಿಗೆ ಹಾಕಬೇಕೆಂದು ಗಂಡ ನಾಗರಾಜು, ಇಲ್ಲೇ ಇರಲಿ ಎಂದು ಈಕೆ, ಮನೆಯಲ್ಲಿ ಎರಡು ತಿಂಗಳಿಂದ ಜಟಾಪಟಿ. ಅಧ್ಯಕ್ಷೆಯ ಮಗಳೇ ಹೊರಟರೆ ಉಳಿದ ಹನ್ನೊಂದೂ ಹಿಂದೆಯೇ ಹೊರಡುತ್ತವೆ ಎಂದು ಇಡೀ ಊರಿಗೆ ಗೊತ್ತಿತ್ತು. ನಾನು ಪೀಠಿಕೆ ಶುರು ಮಾಡುತ್ತಿದ್ದಂತೆ ಆಕೆ ಎದ್ದು ನಿಂತರು.

"ಒಗ್ಗರಣೆ ಎಲ್ಲ ಬ್ಯಾಡಿ ಮೇಡಂ. ನಮ್ ಮಕ್ಳಿಗೆ ಓದಕ್ ಬತ್ತದೋ ಇಲ್ವೋ? ಅದೊಂದ್ ಯೋಳ್ಬುಡಿ, ಸಾಕು."

"ನಾನೂ ಇದೇ ಸ್ಕೂಲಲ್ಲೇ ಓದ್ದೋನು," ಎಂದ ನಾಗರಾಜು, ಹಿಂದಿನಿಂದ. "ಓದ್ದೋನ್ ಥರ ಕಾಣ್ತೀನಾ? ಅದ್ಕೇಯ ಮಗೀನ ವ್ಯಾನ್‌ಗೆ ಆಕ್ತೀನಿ ಅಂತಿರೋದು."

ನಾನು ಸಿ ಎಂದು ಓದಿದೆ. ಜಯಮ್ಮನ ಮುಖ ನೋಡಲಾಗಲಿಲ್ಲ. ನನ್ನ ಮಾತಿಗೆ ಸಾಕ್ಷಿ ಬೇಕೆನಿಸಿ ಆಕೆಯ ಮಗಳನ್ನೇ ಕರೆದೆ. ಎರಡು ಜಡೆ, ಒಂದರ ರಿಬ್ಬನ್ ಬಿಚ್ಚಿಹೋಗಿತ್ತು. ಎಲ್ಲರಿಗೂ ಕಾಣುವಂತೆ 'ಹಕ್ಕಿ' ಕಾರ್ಡು ಹಿಡಿದೆ.

"ಅಕ್ಕಿ," ಎಂದಳು ಸಿಂಚನಾ.

"ಕೇಳಿದಿರಲ್ಲ?" ಎಂದು ಸಭೆಯನ್ನು ಕೇಳಿದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ಕೂತಿದ್ದ ಒಬ್ಬ ಅಜ್ಜ, ಯಾವುದೋ ಮಗುವಿನ ತಾತ, ಕೈ ಎತ್ತಿದರು.

"ಏನ್ ಬರ್ದದೆ ತಾಯಿ ಅದ್ರಲ್ಲಿ?"

"ಹಕ್ಕಿ."

"ಮಗ ಏನಂದ್ಲು?"

"ಅಕ್ಕಿ."

"ಸರೋಯ್ತಲ್ಲ! ಅಕ್ಕೀನ ಅಕ್ಕಿ ಅಂದವ್ಳೆ. ತಪ್ಪೆಲ್ಲದೆ?"

ಸಭೆಯೆಲ್ಲ ತಲೆಯಾಡಿಸಿತು. ನನಗೆ ರೇಗಿತು. "ಅಕ್ಕಿ ಅಂದರೆ ಅನ್ನ ಮಾಡುವುದು, ಯಜಮಾನ್ರೇ!"

ಆಗ ಸಿಂಚನಾ ನನ್ನ ಸೆರಗು ಎಳೆದಳು. ದೊಡ್ಡವರಿಗೆ ಅಷ್ಟೂ ಗೊತ್ತಾಗುವುದಿಲ್ಲವಲ್ಲ ಎಂಬ ಕನಿಕರ ಅವಳ ದನಿಯಲ್ಲಿತ್ತು. "ಮಿಸ್, ಅದು ಅರಸನ್ ಅ ಅಕ್ಕಿ. ಇದು ಅಸೀನ್ ಅ ಅಕ್ಕಿ."

"ಏನದು?"

ಪುಟ್ಟಸ್ವಾಮಿಯವರು ಮುಂದೆ ಬಂದರು. ಮೊದಲ ಸಲ ಆ ಮನುಷ್ಯ ನನ್ನ ಮುಂದೆ ಮೂರು ವಾಕ್ಯ ಒಟ್ಟಿಗೆ ಆಡಿದರು. ಈ ಮಕ್ಕಳ ಮನೆಮಾತಿನಲ್ಲಿ ಹ ಇಲ್ಲ. ಅ, ಹ ಎರಡೂ ಕಿವಿಗೆ ಒಂದೇ ಆಗಿ ಕೇಳುವುದರಿಂದ ಮಕ್ಕಳು ಎರಡಕ್ಕೂ ಅಡ್ಡಹೆಸರು ಇಟ್ಟಿದ್ದರು: ಗೋಡೆಯ ಅಕ್ಷರಪಟದಲ್ಲಿ ಅರಸನ ಚಿತ್ರದ ಪಕ್ಕ ಇರುವುದು ಅರಸನ ಅ, ಹಸುವಿನ ಚಿತ್ರದ ಪಕ್ಕ ಇರುವುದು ಅಸೀನ ಅ. ಪದ ಹೇಗೇ ಕೇಳಿಸಲಿ, ಯಾವ 'ಅ' ಎಂದು ಮಕ್ಕಳು ಕಣ್ಣಲ್ಲೇ ಗುರುತು ಹಿಡಿಯುತ್ತಿದ್ದರು.

ಸಿಂಚನಾಳ ಕೈಗೆ ಸೀಮೆಸುಣ್ಣ ಕೊಟ್ಟೆ. ಜನ್ಮದಲ್ಲಿ ಮೊದಲ ಸಲ, ಬೇಕೆಂದೇ, ಹಕಾರ ನುಂಗಿ ಹೇಳಿದೆ: "ಅಕ್ಕಿ ಅಕ್ಕಿ ತಿಂತು. ಬರಿ ನೋಡೋಣ."

ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಹಲಗೆಯ ಮೇಲೆ ದುಂಡಗೆ ಬರೆದಳು: ಹಕ್ಕಿ ಅಕ್ಕಿ ತಿಂತು. ಆಮೇಲೆ ತಿರುಗಿ, "ಯಾವ್ ಅಕ್ಕಿ ಮಿಸ್ ತಿಂದಿದ್ದು? ಗುಬ್ಬೀನಾ?" ಎಂದು ಕೇಳಿದಳು.

ಅರ್ಥ ತಿಳಿದು ಬರೆದ ಮಗು ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಇಂಥ ಮಗುವನ್ನು ನಾನು ಪದವೂ ಬಾರದವಳೆಂದು ಕಾಗದದ ಮೇಲೆ ಬರೆದಿದ್ದೆ. ಸಾಲದ್ದಕ್ಕೆ ಕೆ.ಆರ್. ನಗರದ ಕಡೆ ಮಿರ್ಲೆಯ ನಮ್ಮತ್ತೆ ನೆನಪಾದರು. ಮೂವತ್ತು ವರ್ಷ ಅವರು ಅಡುಗೆಮನೆಯಿಂದ "ಆಲು ಕಾಯ್ಸವ್ವ" ಎಂದು ಕೂಗಿದ್ದಾರೆ. ಒಂದು ದಿನವಾದರೂ ನಾನು ಆಲೂಗಡ್ಡೆ ಒಲೆಯ ಮೇಲಿಟ್ಟವಳಲ್ಲ. ಮನೆಯಲ್ಲಿ ಚೆನ್ನಾಗಿ ಕೇಳುವ ಕಿವಿಯನ್ನು ಬಸ್ಸು ಹತ್ತುವಾಗ ಎಲ್ಲಿ ಬಿಟ್ಟು ಬರುತ್ತಿದ್ದೆನೋ!

"ಈ ವರದಿ ತಪ್ಪು," ಎಂದು ಸಭೆಗೆ ಹೇಳಿದೆ. "ಮಕ್ಕಳದ್ದಲ್ಲ, ನನ್ನ ತಪ್ಪು. ಈಗಲೇ ನಿಮ್ಮ ಕಣ್ಣೆದುರೇ ಮತ್ತೆ ಪರೀಕ್ಷೆ ಮಾಡುತ್ತೇನೆ."

ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿದೆ. ಯಾರೂ ಬಾಯಿಬಿಟ್ಟು ಓದುವುದು ಬೇಡ, ಮನಸ್ಸಿನಲ್ಲೇ ಓದಿ ಅದರಲ್ಲಿರುವಂತೆ ಮಾಡಿ ತೋರಿಸಬೇಕು ಎಂದೆ. ಮಕ್ಕಳಿಗೆ ಇದಕ್ಕಿಂತ ಬೇಕೆ? 'ಹುಣಸೆ ಎಲೆ ತಾ' ಎಂಬ ಚೀಟಿ ಸಿಕ್ಕವನು ಕಿಟಕಿಯಿಂದಲೇ ಹಾರಲು ಹೋಗಿ ಅಮ್ಮನ ಕೈಲಿ ಏಟು ತಿಂದು, ಬಾಗಿಲಿನಿಂದ ಓಡಿದ. 'ಆರು ಸಲ ಹಾರು' ಎಂಬ ಚೀಟಿ ಹಿಡಿದ ಹುಡುಗಿ "ಆರ್ ಸಲ ಆರು" ಎಂದು ಗೊಣಗಿಕೊಂಡು, ಎಣಿಸಿ ಆರು ಸಲ ಕುಪ್ಪಳಿಸಿದಳು. 'ಆಡಿನ ಹಾಗೆ ಹಾಡು' ಎಂದು ಬರೆದ ಚೀಟಿ ಐದನೇ ತರಗತಿಯ ದಡೂತಿ ಮಂಜನಿಗೆ ಸಿಕ್ಕಿತು. ಅವನು ಚೀಟಿಯನ್ನು ಎರಡು ಸಲ ನೋಡಿ, ಕಣ್ಣು ಮುಚ್ಚಿಕೊಂಡು ಪೂರಾ ನಾಡಗೀತೆಯ ರಾಗದಲ್ಲಿ "ಮ್ಯಾ ಮ್ಯಾ" ಎಂದು ಎಳೆದ. ಸಭೆಯಲ್ಲಿ ನಗು ತಡೆಯುವವರೇ ಇಲ್ಲ. ಅಜ್ಜ ಟವಲಿನಿಂದ ಕಣ್ಣೊರೆಸಿಕೊಂಡರು. ನಾನೂ ನಕ್ಕು ನಕ್ಕು ಕನ್ನಡಕ ತೆಗೆದಿಟ್ಟೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಪರೀಕ್ಷೆ ಮಾಡುತ್ತಾ ಅಷ್ಟು ಸಂತೋಷಪಟ್ಟದ್ದು ಅದೊಂದೇ ದಿನ.

ಹದಿನೇಳರಲ್ಲಿ ಹದಿನಾಲ್ಕು ಮಕ್ಕಳು ವಾಕ್ಯ ದಾಟಿದರು. ಮೂವರಿಗೆ ಒತ್ತಕ್ಷರ ಇನ್ನೂ ತೊಡಕು. ಲೆಕ್ಕವನ್ನೂ ನೋಡಿದೆ. ಕೂಡುವುದು ಚೆನ್ನಾಗಿತ್ತು. ಪಕ್ಕದ ಮನೆಯಿಂದ ದಶಕ ತಂದು ಕಳೆಯುವ ಲೆಕ್ಕದಲ್ಲಿ ಒಂಬತ್ತು ಮಕ್ಕಳು ಎಡವಿದರು. ಸುಳ್ಳು ಹೇಳಿ ಶಾಲೆ ಉಳಿಸುವ ಆಸೆ ನನಗಿರಲಿಲ್ಲ. ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ ಎಂಬುದನ್ನೂ ಸೇರಿಸಿದೆ.

"ಕೂಡೋದ್ ಬತ್ತದೆ, ಕಳ್ಯೋದ್ ಬರಾಕಿಲ್ಲ ಅಂದ್ರೆ ನಮ್ ಮಕ್ಳೇ ಬುಡಿ!" ಎಂದ ನಾಗರಾಜು. ಮತ್ತೆ ನಗು.

ಜಯಮ್ಮ ಮಾತ್ರ ನಗಲಿಲ್ಲ. ಹಲಗೆಯ ಮೇಲಿದ್ದ ಮಗಳ ಅಕ್ಷರವನ್ನೇ ನೋಡುತ್ತಿದ್ದರು. "ಅಂಗಾರೆ ಓದಕ್ ಬತ್ತದೆ ಅನ್ನಿ," ಎಂದರು.

"ಬರುತ್ತೆ ಜಯಮ್ಮಾವ್ರೇ. ಚೆನ್ನಾಗಿ ಬರುತ್ತೆ."

ಆಕೆ ಸೆರಗಿನಿಂದ ಮೂಗೊರೆಸಿಕೊಂಡು ಕುಳಿತರು. ಆದರೆ ವ್ಯಾನಿನ ವಿಷಯ ಅವತ್ತು ತೀರ್ಮಾನವಾಗಲಿಲ್ಲ. "ಎಲ್ರೂ ಕೂತ್ಕಂಡ್ ಮಾತಾಡ್ತೀವಿ" ಎಂದು ಪೋಷಕರೆಲ್ಲ ಎದ್ದರು.

ಮರುದಿನ ಬಿಇಒ ಸಾಹೇಬರ ಮುಂದೆ ಹೊಸ ವರದಿ ಇಟ್ಟೆ. ಶ್ರೇಣಿ ಬಿ. "ಏನಮ್ಮಾ, ಒಂದೇ ತಿಂಗಳಲ್ಲಿ ಸಿ ಹೋಗಿ ಬಿ ಆಗಿದೆ? ಮೇಲಿನವರು ಕೇಳಿದರೆ ಏನು ಹೇಳಲಿ?" ಎಂದರು.

"ಶಾಲೆ ಬದಲಾಗಿಲ್ಲ ಸರ್, ನಾನು ತಪ್ಪು ಅಳೆದಿದ್ದೆ. ಹಾಗೇ ಬರೆದು ಸಹಿ ಮಾಡಿದ್ದೇನೆ."

ಅವರು ಪೂರ್ತಿ ಓದಿದರು. ಬೈಯಲಿಲ್ಲ. ಬೈಗುಳಕ್ಕಿಂತ ಚುರುಕಾದ ಒಂದು ಪ್ರಶ್ನೆ ಕೇಳಿದರು: "ಹೀಗೆ ಅಳೆದ ಶಾಲೆ ಇನ್ನೆಷ್ಟಿವೆ?"

ಆ ವರ್ಷ ನಾನು ಅಳೆದದ್ದು ಹನ್ನೊಂದು ಶಾಲೆ. ಉಳಿದ ಹತ್ತಕ್ಕೂ ಮಾರ್ಚ್ ಮುಗಿಯುವುದರೊಳಗೆ ಮತ್ತೆ ಹೋದೆ, ಚೀಟಿ ಹಿಡಿದುಕೊಂಡು. ಮೂರು ಶಾಲೆಗಳ ಶ್ರೇಣಿ ಬದಲಾಯಿತು. ಏಳು ಇದ್ದ ಹಾಗೇ ಇದ್ದವು. ಅವುಗಳಲ್ಲಿ ಎರಡು ಕಡೆ ಮಕ್ಕಳಿಗೆ ನಿಜವಾಗಿಯೂ ಓದಲು ಬರುತ್ತಿರಲಿಲ್ಲ. ಹ ಸ್ಪಷ್ಟವಾಗಿಯೇ ಇತ್ತು, ಅರ್ಥವೇ ಇರಲಿಲ್ಲ.

ಜೂನ್ ಬಂತು. ಶಾಲೆ ತೆರೆದ ಮೊದಲ ವಾರ ಬೆಳಗ್ಗೆ ಹತ್ತೂವರೆಗೆ ಫೋನು. ಪುಟ್ಟಸ್ವಾಮಿಯವರು. ನನ್ನೊಡನೆ ಯಾವಾಗಲೂ ಪುಸ್ತಕದ ಕನ್ನಡ ಆಡಲು ಒದ್ದಾಡುತ್ತಿದ್ದ ಆ ಮನುಷ್ಯನಿಗೆ ಅವತ್ತು ಅದೆಲ್ಲ ಮರೆತುಹೋಗಿತ್ತು.

"ಮೇಡಂ, ಅನ್ನೆಲ್ಡೂ ಇಲ್ಲೇ ಅವೆ! ಒಂದೂ ಓಗಿಲ್ಲ ಕಣ್ ಮೇಡಂ! ವ್ಯಾನು ಆರನ್ ಒಡ್ದು ಒಡ್ದು ಆಗ್ಲೆ ಓಯ್ತು!"

ಹಿಂದಿನಿಂದ ಮಕ್ಕಳ ಗದ್ದಲ ಕೇಳುತ್ತಿತ್ತು. ಅನ್ನೆಲ್ಡು ಹನ್ನೆರಡಾಗಿ, ಆರನ್ ಹಾರನ್ ಆಗಿ, ಒಂದಕ್ಷರ ಬಿಡದೆ ಅರ್ಥವಾಯಿತು. "ಸಂತೋಷ ಕಣ್ರೀ ಮೇಷ್ಟ್ರೇ, ತುಂಬಾ ಸಂತೋಷ" ಎಂದೆ.

ನಿವೃತ್ತಿಯ ಮೊದಲು ಹೊಸ ಸಂಯೋಜಕರಿಗೆ ಮಾತಾಡಲು ಹೇಳಿದ್ದರು. ನಾನು ಶ್ರೇಣಿ, ಮಾನದಂಡ ಏನನ್ನೂ ಹೇಳಲಿಲ್ಲ. ಹಲಗೆಯ ಮೇಲೆ 'ಹಕ್ಕಿ ಅಕ್ಕಿ ತಿಂತು' ಎಂದು ಬರೆದು ಈ ಕಥೆ ಹೇಳಿದೆ. ಮಗುವಿನ ಬಾಯಿಂದ ಬಂದದ್ದು ತಪ್ಪು ಎನಿಸಿದಾಗ ಪೆನ್ನು ಕೆಳಗಿಡಿ, ಮಗುವನ್ನೇ ಇನ್ನೊಂದು ಮಾತು ಕೇಳಿ ಎಂದೆ. ನಾನು ಕೇಳದೇ ಹೋಗಿದ್ದರೆ ಹನ್ನೆರಡು ಮಕ್ಕಳನ್ನು ಆ ವ್ಯಾನಿಗೆ ಹತ್ತಿಸುತ್ತಿದ್ದವಳು ನಾನೇ.